ಪಟ್ಟಿ ಚಿಗರಿಯ ಬೆಲೆ

ನಮ್ಮೂರಿಗೆ ಬೇಟೆಗೆಂದು ಬಂದವರು ಮೊದಲು ಕೇಳುವುದು ಎರಡೇ ಮಾತು. ಎಷ್ಟಾಗುತ್ತದೆ, ಯಾವಾಗ ಸಿಗುತ್ತದೆ. ಚಾವಡಿಯ ಹಿರಿಯರಾದ ಮುರಿಗೆಪ್ಪನವರು ಅಡಿಕೆ ಹೋಳು ಬಾಯಿಗೆ ಹಾಕಿಕೊಳ್ಳುತ್ತ ಎರಡಕ್ಕೂ ಉತ್ತರ ಕೊಡುತ್ತಾರೆ. ರೊಕ್ಕ ಒಂದು ಪೈಸೆಯೂ ಬೇಡ, ಊರಿಗೆ ಸದ್ಯ ಯಾವ ಕೆಲಸದವರು ಇಲ್ಲವೋ ಆ ಕೆಲಸ ಮಾಡಿಕೊಂಡಿರಬೇಕು. ಸಿಗುವುದು ಅದು ಬಂದಾಗ.

ಅದು ಅಂದರೆ ಪಟ್ಟಿ ಚಿಗರಿ. ಹೊರಗಿನವರು ಅದನ್ನು ಬೊಂಗೊ ಅನ್ನುತ್ತಾರೆ. ಆಫ್ರಿಕಾದ ಪ್ರಾಣಿ, ಅಲ್ಲಿಯೂ ಈಗ ಕಣ್ಣಿಗೆ ಬೀಳುವುದು ಅಪರೂಪವಂತೆ. ಸುಟ್ಟ ಇಟ್ಟಿಗೆಯ ಬಣ್ಣದ ಮೈ, ಬೆನ್ನಿನಿಂದ ಹೊಟ್ಟೆಗೆ ಯಾರೋ ಸುಣ್ಣದ ಬೆರಳಿನಿಂದ ಎಳೆದಂತೆ ಬಿಳಿ ಗೆರೆಗಳು, ಒಂದು ಸುತ್ತು ತಿರುಚಿಕೊಂಡು ಮೇಲಕ್ಕೇರಿದ ಕೋಡು. ನಮ್ಮೂರ ಹಿಂದಿನ ಬಿದಿರು ಮೆಳೆಗೆ ಅವು ಯಾವಾಗ ಬಂದವು, ಯಾರು ತಂದರು ಎಂಬುದು ನಮಗೆ ಗೊತ್ತಿಲ್ಲ. ಬೇಟೆಗಾರ ಬಂದೂಕನ್ನು ಚಾವಡಿಗೆ ಒಪ್ಪಿಸಿ ಕೆಲಸಕ್ಕೆ ಕೂತ ಮೇಲೆ, ಒಂದಲ್ಲ ಒಂದು ಬೆಳಿಗ್ಗೆ ಒಂದು ಚಿಗರಿ ಮೆಳೆಯಿಂದ ಇಳಿದು, ಪೇಟೆ ಬೀದಿಯಲ್ಲಿ ನಡೆದು ಬಂದು ಅವನ ಬಾಗಿಲ ಮುಂದೆ ನಿಲ್ಲುತ್ತದೆ. ಅದು ಅವನದು. ಕೆಲವರಿಗೆ ಒಂದೇ ಮಳೆಗಾಲದಲ್ಲಿ ಬರುತ್ತದೆ, ಕೆಲವರಿಗೆ ತಲೆ ನರೆತ ಮೇಲೆ. ಬಂದ ದಿನ ಬಂದೂಕು ಕೈಗೆ ಕೊಡುತ್ತಾರೆ. ಹೊತ್ತು ಮುಳುಗುವುದರೊಳಗೆ ಹೊಡೆದರೆ ಹೊಡೆದ, ಇಲ್ಲದಿದ್ದರೆ ಇಲ್ಲ. ಎರಡನೆಯ ಸಲ ಯಾರಿಗೂ ಬಂದದ್ದಿಲ್ಲ. ಹೊಡೆದವನು ಕೋಡು ತೆಗೆದುಕೊಂಡು ಅದೇ ಸಂಜೆ ಊರು ಬಿಡಬೇಕು.

ಹೀಗಾಗಿ ನಮ್ಮೂರಿನ ಅರ್ಧ ಕಸುಬುಗಳು ಬೇಟೆಗಾರರ ಕೈಯಲ್ಲಿವೆ. ಗಡ್ಡ ಬೋಳಿಸುವವರು ತಮ್ಮ ಸೀಮೆಯಲ್ಲಿ ಜಡ್ಜ್ ಆಗಿದ್ದರು. ಅವರ ಚಿಗರಿ ಬಂದಾಗ ಗಿರಣಿಯವನ ಒಂದು ಕೆನ್ನೆ ಮುಗಿದು ಇನ್ನೊಂದು ನೊರೆಯಲ್ಲಿತ್ತು. ಇದನ್ನು ಮುಗಿಸಿ ಬಂದೆ ಎಂದು ಚಿಗರಿಗೆ ಕೈ ತೋರಿಸಿದರಂತೆ. ಕೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಅದು ಹೋಗಿಬಿಟ್ಟಿತ್ತು. ಅವರು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು, ಎದ್ದು, ಮುಂದಿನವರನ್ನು ಕರೆದರು. ಈಗಲೂ ಇಲ್ಲೇ ಇದ್ದಾರೆ, ಕೈ ಹಗುರ.

ನಾನು ತಾರವ್ವ. ಮದುವೆಯಾದ ಹೊಸತರಲ್ಲೇ ಗಂಡ ಜ್ವರದಲ್ಲಿ ತೀರಿಕೊಂಡ. ಅಂದಿನಿಂದ ಪೇಟೆಯ ಟೇಲರ್ ಅಂಗಡಿಯಲ್ಲಿ ಕಾಜಾ ತೆಗೆಯುವುದು, ಗುಂಡಿ ಹಚ್ಚುವುದು, ಹುಕ್ಕು ಕೂರಿಸುವುದು ನನ್ನ ಕೆಲಸ. ಟೇಲರ್‌ಗಳು ಬರುತ್ತಿದ್ದರು, ಹೋಗುತ್ತಿದ್ದರು. ನಾನು ಮೂಲೆಯ ಚಾಪೆಯ ಮೇಲೆ ಅಲ್ಲೇ ಇರುತ್ತಿದ್ದೆ.

ದೌಲತರಾವ್ ನಿಂಬಾಳ್ಕರರು ಬಂದ ವರ್ಷ ಅಂಗಡಿ ಖಾಲಿ ಬಿದ್ದಿತ್ತು. ಹಿಂದಿನವನು ಲಗ್ನದ ಹಂಗಾಮಿನ ನಡುವೆ ತನ್ನ ಚಿಗರಿ ಹೊಡೆದುಕೊಂಡು ಹೊರಟುಹೋಗಿದ್ದ. ಕತ್ತರಿಸಿಟ್ಟ ಕುಪ್ಪಸಗಳ ರಾಶಿ ಮೇಜಿನ ಮೇಲೆ ಹಾಗೇ ಇತ್ತು, ಹೆಂಗಸರು ದಿನಾ ಬಂದು ಇಣುಕಿ ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಅಂಥ ಹೊತ್ತಿನಲ್ಲಿ ಈ ಎತ್ತರದ ಮನುಷ್ಯ, ಐವತ್ತರ ಹತ್ತಿರದವರು, ಮೊಣಕಾಲಿನವರೆಗೆ ಬೂಟು ಹಾಕಿಕೊಂಡು ಚಾವಡಿಯಲ್ಲಿ ನಿಂತರು. ನಾನು ನೀರು ತರಲು ಹೋದವಳು ಕಂಬದ ಹಿಂದೆ ನಿಂತು ಕೇಳಿಸಿಕೊಂಡೆ.

"ಸದ್ಯ ನಮಗ ಜಂಪರ್ ಹೊಲಿಯೋರು ಬೇಕಾಗ್ಯಾರ್ರಿ," ಅಂದರು ಮುರಿಗೆಪ್ಪನವರು.

"ಜಂಪರ್?"

"ಹೂಂನ್ರಿ. ಹೆಣ್ಣುಮಕ್ಕಳ ಜಂಪರ್."

ದೌಲತರಾಯರು ತಿರುಗಿ ತಮ್ಮ ಹಿಂದೆ ಬೇರೆ ಯಾರಾದರೂ ಇದ್ದಾರೋ ಎಂದು ನೋಡಿದರು. "ನಾನು ಕಾಡಕೋಣ ಹೊಡದ ಮನುಷ್ಯಾ. ಸೂಜಿ ಹಿಡದು ಗೊತ್ತಿಲ್ಲ."

"ತಾರವ್ವ ಹೇಳಿಕೊಡ್ತಾಳ. ಒಲ್ಲೆ ಅಂದ್ರ ಬಂದ ದಾರಿ ಹಂಗ ಅದ, ನಮ್ಮದೇನು ಜುಲುಮಿ ಇಲ್ಲ."

ಅವರು ಒಲ್ಲೆ ಅನ್ನಲಿಲ್ಲ. ಆಮೇಲೆ ಗೊತ್ತಾಯಿತು, ಅವರಿಗೆ ಬೇರೆ ದಾರಿ ಇರಲಿಲ್ಲ. ಮೊದಲು ಆಫ್ರಿಕಾಕ್ಕೇ ಹೋಗಿದ್ದರು. ಅಲ್ಲಿಯ ಏಜೆಂಟ ಹೇಳಿದ ಬೆಲೆಗೆ ಎರಡು ತೋಟ ಮಾರಬೇಕಾಗಿತ್ತು, ಮಾರಲು ತಯಾರೂ ಆದರು. ಅಷ್ಟರಲ್ಲಿ ಆ ವರ್ಷದ ಪರವಾನಗಿಗಳು ಮುಗಿದವು, ಬರುವ ವರ್ಷ ಕೊಡುತ್ತಾರೋ ಇಲ್ಲವೋ ಹೇಳಲಾಗದು ಅಂದರಂತೆ. ಬೇರೆ ಜಾತಿಯ ಚಿಗರಿ ಬೇಕಾದರೆ ಎಷ್ಟು ಬೇಕೋ ಅಷ್ಟು ಸಿಗುತ್ತವೆ, ಇದೊಂದು ಕೇಳಬೇಡಿ ಅಂದರಂತೆ. ಇವರಿಗೆ ಇದೊಂದೇ ಬೇಕಾಗಿತ್ತು.

ಕಲಿಸುವುದು ಸುಲಭವಾಗಲಿಲ್ಲ. ಮಷಿನ್ನಿನ ಕಾಲುಮಣೆಯನ್ನು ಅವರು ಕುದುರೆಯನ್ನು ಒದ್ದಂತೆ ಒದೆಯುತ್ತಿದ್ದರು, ದಾರ ಕಿತ್ತುಹೋಗುತ್ತಿತ್ತು. ಸೂಜಿಗೆ ದಾರ ಹಾಕುವಾಗ ಒಂದು ಕಣ್ಣು ಮುಚ್ಚಿ ಗುರಿ ಹಿಡಿಯುತ್ತಿದ್ದರು. "ಎರಡೂ ಕಣ್ಣು ತೆರೀರಿ ಸಾಹೇಬ್ರ, ಅದೇನು ಓಡಿ ಹೋಗಂಗಿಲ್ಲ," ಅಂತ ನಾನಂದರೆ ಸಿಟ್ಟಿನಿಂದ ನೋಡಿ, ಆಮೇಲೆ ಎರಡೂ ಕಣ್ಣು ತೆರೆದು ಹಾಕುತ್ತಿದ್ದರು. ಮೊದಲ ಕುಪ್ಪಸದ ಎರಡೂ ತೋಳು ಎಡಗೈಯದ್ದೇ ಆಯಿತು. ಅದು ಮುರಿಗೆಪ್ಪನವರ ಹೆಂಡತಿ ಶಂಕ್ರವ್ವನದು. ಆಕೆ ಅದನ್ನೇ ತೊಟ್ಟುಕೊಂಡು ಪೇಟೆಯ ಈ ತುದಿಯಿಂದ ಆ ತುದಿಗೆ ನಡೆದಾಡಿ ಬಂದು, "ಒಂದು ಕೈ ಊರಿಗೆ ಹೊಂಟದ, ಒಂದು ಕೈ ಮೆಳಿಗೆ ಹೊಂಟದ," ಅಂದಳು. ಹೆಂಗಸರೆಲ್ಲ ನಕ್ಕರು. ರಾಯರು ತಲೆ ತಗ್ಗಿಸಿ ಕೂತಿದ್ದವರು, ಕೊನೆಗೆ ತಾವೂ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೆಂಗಸರ ಅಳತೆ ನಾನೇ ತೆಗೆಯುತ್ತಿದ್ದೆ. ನಡುವೆ ಒಂದು ಪರದೆ. ಒಳಗಿನಿಂದ ನಾನು ಕೂಗುವುದು, ಹೊರಗೆ ಅವರು ಬಟ್ಟೆಯ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿಕೊಂಡು "ಹೂಂ" ಅನ್ನುವುದು. ತೋಳು, ಹೂಂ. ಭುಜ, ಹೂಂ. ಎಷ್ಟೋ ದಿನ ನಮ್ಮಿಬ್ಬರ ನಡುವೆ ಇದಕ್ಕಿಂತ ಹೆಚ್ಚಿನ ಮಾತೇ ಇರುತ್ತಿರಲಿಲ್ಲ. ಆದರೆ ಅವರ ಕೈ ಕುದುರುತ್ತ ಹೋಯಿತು. ಬೇಟೆಗಾರರಿಗೆ ಇರುವ ತಾಳ್ಮೆ ಅವರಿಗಿತ್ತು, ಅದನ್ನು ಬಟ್ಟೆಗೆ ಹಚ್ಚುವುದು ಗೊತ್ತಿರಲಿಲ್ಲ ಅಷ್ಟೆ. ಎರಡು ಲಗ್ನದ ಹಂಗಾಮು ಕಳೆಯುವಷ್ಟರಲ್ಲಿ ಕಂಕುಳಲ್ಲಿ ಹಿಡಿಯದ ಕುಪ್ಪಸ ಬೇಕಾದರೆ ರಾಯರ ಹತ್ತಿರವೇ ಹೋಗಬೇಕು ಅನ್ನುವ ಮಾತು ಬಂತು. ಬೂಟುಗಳನ್ನು ಗಿರಣಿಯವನಿಗೆ ಕೊಟ್ಟುಬಿಟ್ಟರು.

ಮಧ್ಯಾಹ್ನ ನಾನು ಮನೆಯಿಂದ ರೊಟ್ಟಿ ತರುತ್ತಿದ್ದೆ. ಮೊದಮೊದಲು ನನ್ನದು ನನಗೆ, ಅವರದು ಖಾನಾವಳಿಯಿಂದ. ಒಂದು ದಿನ ಖಾನಾವಳಿಯ ಬಾಗಿಲು ಮುಚ್ಚಿತ್ತು, ಎರಡು ರೊಟ್ಟಿ ಅವರ ಮುಂದಿಟ್ಟೆ. ಮರುದಿನದಿಂದ ನಾನೇ ಹೆಚ್ಚಿಗೆ ಬಡಿದು ತರತೊಡಗಿದೆ.

ಹಾಗೆ ಊಟಕ್ಕೆ ಕೂತಾಗ ಒಮ್ಮೆ ಕೇಳಿದೆ. "ಅಷ್ಟು ಕೋಡು ಮನಿಯಾಗ ಅದಾವ ಅಂತೀರಿ. ಇದೊಂದು ಇಲ್ಲದಿದ್ರ ಏನಾಗ್ತದ?"

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ನಾ ಸಣ್ಣಾಂವ ಇದ್ದಾಗ ಅಪ್ಪ ನನ್ನ ಆಫ್ರಿಕಾಕ್ಕ ಕರಕೊಂಡು ಹೋಗಿದ್ದರು. ತಿಂಗಳಾನುಗಟ್ಟಲೆ ಹುಡುಕಿದ ಮ್ಯಾಲ ಒಂದು ಪಟ್ಟಿ ಚಿಗರಿ ಸಿಕ್ತು. ಅಪ್ಪ ಬಂದೂಕು ಏರಿಸಿದರು. ನಾ ಕೆಮ್ಮಿದೆ."

ನಾನು ಅವರ ಲೋಟಕ್ಕೆ ನೀರು ಹಾಕಿದೆ.

"ಅದು ಹೋತು. ಅಪ್ಪ ಒಂದು ಮಾತೂ ಅನ್ನಲಿಲ್ಲ. ಆವತ್ತೂ ಅನ್ನಲಿಲ್ಲ, ಸಾಯೋತನಕಾನೂ ಅನ್ನಲಿಲ್ಲ. ನಡುಮನಿ ಗ್ವಾಡಿ ಮ್ಯಾಲ ಒಂದು ಜಾಗಾ ಖಾಲಿ ಬಿಟ್ಟಿದ್ದರು, ಅದರ ಎದುರಿಗೇ ದಿನಾ ಉಣ್ಣತಿದ್ದಿವಿ. ಬೈದಿದ್ದರ ಮುಗೀತಿತ್ತು ತಾರಾಬಾಯಿ."

ಆಮೇಲೆ ಪಲ್ಯ ಚೆನ್ನಾಗಿದೆ ಅಂದರು. ನಾನು ಇನ್ನಷ್ಟು ಹಾಕಿದೆ. ಈ ಮನುಷ್ಯನಿಗೆ ಅವರ ಚಿಗರಿ ಬೇಗ ಬರಲಿ ಅಂತ ಆ ದಿನ ಮನಸ್ಸಿನಲ್ಲೇ ಅಂದುಕೊಂಡೆ. ಮರುದಿನ ಬೆಳಿಗ್ಗೆ ಅಂಗಡಿಗೆ ಬರುವಾಗ ಪೇಟೆ ಬೀದಿ ಖಾಲಿ ಇರುವುದನ್ನು ಕಂಡು ನೆಮ್ಮದಿಯಾಯಿತು. ಎರಡೂ ನಿಜವೇ.

ಅದು ಬಂದದ್ದು ಮುರಿಗೆಪ್ಪನವರ ಮೊಮ್ಮಗಳ ಲಗ್ನದ ಕುಪ್ಪಸ ಮಷಿನ್ನಿನ ಮೇಲಿದ್ದ ದಿನ. ಹಸಿರು ರೇಷ್ಮೆ, ಜರಿಯ ಅಂಚು. ನಾನು ಹುಕ್ಕು ಆರಿಸುತ್ತ ತಲೆ ಎತ್ತಿದೆ, ಹೊಸ್ತಿಲಾಚೆ ಅದು ನಿಂತಿತ್ತು. ಅಷ್ಟು ಹತ್ತಿರದಿಂದ ನಾನು ಚಿಗರಿಯನ್ನು ನೋಡಿರಲಿಲ್ಲ. ಕಿವಿ ಎಷ್ಟು ದೊಡ್ಡವು, ಒಳಗೆ ಬೆಳ್ಳಗೆ ಕೂದಲು. ಬೀದಿಯಲ್ಲಿ ಜನ ಸೌಟು, ಕೊಡ ಹಿಡಿದುಕೊಂಡೇ ನಿಂತುಬಿಟ್ಟಿದ್ದರು.

"ಸಾಹೇಬ್ರ, ಬಂದದ," ಅಂದೆ.

ಅವರು ನೋಡಿದರು. ಕೈಯಲ್ಲಿದ್ದ ಹೊಲಿಗೆಯನ್ನು ತುದಿಯವರೆಗೆ ಓಡಿಸಿ, ದಾರ ಕತ್ತರಿಸಿ, ಎದ್ದರು. ಚಿಗರಿ ಕಾದಿತ್ತು. ಮುರಿಗೆಪ್ಪನವರು ತಾವೇ ಬಂದೂಕು ತಂದುಕೊಟ್ಟರು. ಬೇಟೆಗಾರನ ಜೊತೆಗೆ ಊರಿನವರೊಬ್ಬರು ಹೋಗಿ ಬರುವುದು ವಾಡಿಕೆ. ರಾಯರು ನನ್ನ ಕಡೆ ತಿರುಗಿ, "ನೀವ ಬರ್ತೀರೇನು?" ಅಂದರು. ನಾನು ನೀರಿನ ತಂಬಿಗೆ, ಗುದ್ದಲಿ ತೆಗೆದುಕೊಂಡು ಹೊರಟೆ.

ಅದು ಮುಂದೆ ಮುಂದೆ ನಡೆಯಿತು, ನಾವು ಹಿಂದೆ. ಹೊಲ ದಾಟಿ, ಹಳ್ಳ ದಾಟಿ ಬಿದಿರು ಮೆಳೆ ಹೊಕ್ಕೆವು. ಅವಸರವೇ ಇಲ್ಲದಂತೆ ಅದು ಅಲ್ಲಲ್ಲಿ ನಿಂತು ಎಲೆ ಹರಿದು ತಿನ್ನುತ್ತಿತ್ತು. ಮೆಳೆಯೊಳಗೆ ಒಣಗಿದ ಎಲೆಯ ಪುಡಿ, ಕಾಲಿಟ್ಟಲ್ಲೆಲ್ಲ ಏಳುತ್ತಿತ್ತು. ಬಿಸಿಲು ನೆತ್ತಿಗೇರಿದಾಗ ಒಂದು ತೆರವಿನಲ್ಲಿ ಅದು ಅಡ್ಡಲಾಗಿ ನಿಂತಿತು. ರಾಯರು ಮೊಣಕಾಲೂರಿ ಬಂದೂಕು ಏರಿಸಿದರು.

ಆಗ ನನಗೆ ಗಂಟಲು ಕೆರೆಯಿತು. ಆ ಪುಡಿ. ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡೆ, ಕಣ್ಣಲ್ಲಿ ನೀರು ಬಂತು. ಅವರಿಗೆ ನನ್ನ ಉಸಿರಿನಲ್ಲೇ ತಿಳಿಯಿತೋ ಏನೋ. ಬಂದೂಕಿನಿಂದ ಕಣ್ಣು ತೆಗೆಯದೆ, ಬಹಳ ಮೆಲ್ಲಗೆ ಅಂದರು:

"ಕೆಮ್ಮು ಬಂದ್ರ ಕೆಮ್ಮಿಬಿಡ್ರಿ ತಾರಾಬಾಯಿ. ನಾ ಏನೂ ಅನ್ನಂಗಿಲ್ಲ."

ಒಂದು ಕೆಮ್ಮು. ಅಷ್ಟಾಗಿದ್ದರೆ ಚಿಗರಿ ಮೆಳೆಯಲ್ಲಿ ಮಾಯವಾಗುತ್ತಿತ್ತು. ಅವರು ಜಡ್ಜ್ ಸಾಹೇಬರ ಹಾಗೆ ಇಲ್ಲೇ ಉಳಿಯುತ್ತಿದ್ದರು, ನಾಳೆಯೂ ನಾಡಿದ್ದೂ ಎರಡು ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದೆ. ಇದೆಲ್ಲ ಆ ಒಂದು ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಬಂತು. ಅವರು ಏನೂ ಅನ್ನುತ್ತಲೂ ಇರಲಿಲ್ಲ, ಅದು ನನಗೆ ಗೊತ್ತಿತ್ತು. ಆದರೆ ಇನ್ನೊಬ್ಬರ ಕೆಮ್ಮಿನ ಎದುರು ಕೂತು ಅವರು ಉಳಿದ ಆಯುಷ್ಯವೆಲ್ಲ ಉಣ್ಣುವುದು ನನಗೆ ಬೇಡವಾಗಿತ್ತು. ಸೆರಗು ಕಚ್ಚಿಕೊಂಡೆ. ಗಂಟಲು ಹರಿದುಹೋಗುತ್ತದೆ ಅನ್ನಿಸಿತು. ಕೆಮ್ಮಲಿಲ್ಲ.

ಬಂದೂಕು ಹಾರಿತು. ಚಿಗರಿ ನಿಂತಲ್ಲೇ ಮುಂಗಾಲು ಮಡಚಿ ಮಲಗಿತು. ಆಮೇಲೆ ನಾನು ಬೇಕಾದಷ್ಟು ಕೆಮ್ಮಿದೆ. ಅವರು ನೀರು ಕುಡಿಸಿದರು.

ಬೇಟೆಗಾರರು ಕೋಡಿನ ಉದ್ದ ಅಳೆದು ಇಟ್ಟುಕೊಳ್ಳುತ್ತಾರಂತೆ. ರಾಯರ ಕೊರಳಲ್ಲಿ ಅಂಗಡಿಯ ಟೇಪು ಹಾಗೇ ಇತ್ತು, ತೆಗೆದಿಡಲು ಮರೆತಿದ್ದರು. ಅದನ್ನೇ ಕೋಡಿನ ಸುತ್ತು ಹಿಡಿದು ಬುಡದಿಂದ ತುದಿಯವರೆಗೆ ಅಳೆದು ಗಟ್ಟಿಯಾಗಿ ಹೇಳಿದರು. ನಾನು ರೂಢಿಯಿಂದ "ಹೂಂ" ಅಂದೆ. ಅವರು ಟೇಪನ್ನು ಕೈಯಲ್ಲಿ ಹಿಡಿದು ಕೂತುಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಸುರುಳಿ ಸುತ್ತಿ ನನ್ನ ಅಂಗೈಯಲ್ಲಿಟ್ಟು, ಗುಂಡಿ ತೋಡಲು ಎದ್ದರು. ಕೋಡು ಬಿಟ್ಟು ಉಳಿದದ್ದನ್ನು ಮಣ್ಣು ಮಾಡುವುದು ಹೊಡೆದವನದೇ ಕೆಲಸ. ಗಟ್ಟಿ ನೆಲ, ಅಂಗೈಯಲ್ಲಿ ಬೊಬ್ಬೆ ಬಂದವು. ನಾನು ಕೈಜೋಡಿಸಲು ಹೋದರೆ ಬೇಡ ಅಂದರು.

ಸಂಜೆ ಅವರನ್ನು ಬೆಲ್ಲದ ಲಾರಿಗೆ ಹತ್ತಿಸಿದೆವು. ಹೆಂಗಸರು ಬುತ್ತಿ ಕಟ್ಟಿಕೊಟ್ಟರು. "ಆ ಹಸಿರು ಜಂಪರ್, ಎಡಗೈ ತೋಳು ಇನ್ನೂ ಕೂಡಿಸಿಲ್ಲ," ಅಂದರು ರಾಯರು ನನಗೆ. "ಕೂಡಸ್ತೀನಿ, ಹೋಗಿ ಬರ್ರಿ," ಅಂದೆ. ಹೋಗಿ ಬನ್ನಿ ಅನ್ನುವುದು ಮಾತಿಗೆ, ಕೋಡು ಒಯ್ದವರು ಯಾರೂ ಅದುವರೆಗೆ ತಿರುಗಿ ಬಂದಿರಲಿಲ್ಲ.

ಆ ತೋಳು ನಾನೇ ಕೂಡಿಸಿದೆ. ಲಗ್ನದಲ್ಲಿ ಹುಡುಗಿ ಚಂದ ಕಂಡಳು. ಮುಂದೆ ಇನ್ನೊಬ್ಬ ಬೇಟೆಗಾರ ಬಂದಾಗ ಮುರಿಗೆಪ್ಪನವರು ಅಂಗಡಿಗೆ ಕಳಿಸುತ್ತೇನೆ ಅಂದರು. ನಾನು ಬೇಡ ಅಂದೆ. ಇಷ್ಟು ಜನರಿಗೆ ಕಲಿಸಿದವಳಿಗೆ ಹೊಲಿಯಲು ಬರುವುದಿಲ್ಲವೇ, ನಾನೇ ಮಷಿನ್ನಿನ ಮೇಲೆ ಕೂತುಕೊಳ್ಳುತ್ತೇನೆ ಅಂದೆ. ಇದು ಇಷ್ಟು ದಿನ ಯಾರಿಗೂ ಯಾಕೆ ಹೊಳೆಯಲಿಲ್ಲವೋ, ನನಗೇ ಯಾಕೆ ಹೊಳೆಯಲಿಲ್ಲವೋ. ಆ ಬೇಟೆಗಾರನನ್ನು ಕುಂಬಾರಿಕೆಗೆ ಹಾಕಿದರು. ನಾನು ಕಿಟಕಿಗೆ ಬಣ್ಣ ಹೊಡೆಸಿ, ಚಾಪೆ ತೆಗೆದು ಬೆಂಚು ಹಾಕಿಸಿದೆ. ಕೆಲಸ ಬೇಕಾದಷ್ಟಿತ್ತು. ಸುಖವಾಗಿರಲಿಲ್ಲ ಅಂದರೆ ತಪ್ಪಾಗುತ್ತದೆ. ಮಧ್ಯಾಹ್ನ ಊಟದ ಹೊತ್ತೊಂದು ಉದ್ದ ಅನ್ನಿಸುತ್ತಿತ್ತು.

ಒಂದು ಮಳೆಗಾಲ ಕಳೆದು, ಚಳಿ ಹಿಡಿಯುವ ಹೊತ್ತಿಗೆ ಶಂಕ್ರವ್ವ ಓಡುತ್ತ ಬಂದಳು. "ನಿನ್ನ ಸಾಹೇಬ ಬಂದಾನ. ಚಾವಡ್ಯಾಗ ಕುಂತಾನ."

ನಾನು ಹೋಗುವಷ್ಟರಲ್ಲಿ ಅರ್ಧ ಊರು ಸೇರಿತ್ತು. ರಾಯರು ಬೆಂಚಿನ ಮೇಲೆ ಕೂತಿದ್ದರು, ಕಾಲ ಬಳಿ ಒಂದು ಟ್ರಂಕು. ಮೈ ಸ್ವಲ್ಪ ಇಳಿದಿತ್ತು. ನನ್ನನ್ನು ನೋಡಿ ಎದ್ದು ನಿಂತು, ಮತ್ತೆ ಕೂತರು.

"ಎರಡನೇದು ಯಾರಿಗೂ ಸಿಕ್ಕಿಲ್ಲರಿ," ಅನ್ನುತ್ತಿದ್ದರು ಮುರಿಗೆಪ್ಪನವರು.

"ಬಂದೂಕು ತಂದಿಲ್ಲ," ಅಂದರು ರಾಯರು. "ಕೋಡು ಗ್ವಾಡಿಗೆ ಹಾಕಿದೆ. ಎದುರಿಗೆ ಕುರ್ಚಿ ಹಾಕ್ಕೊಂಡು ಕುಂತೆ. ಅಪ್ಪನ ಫೋಟೋಕ್ಕ ಹೇಳಿದೆ, ನೋಡ್ರಿ, ತಂದೀನಿ ಅಂತ. ಫೋಟೋ ಏನು ಮಾತಾಡ್ತದ? ಆದ್ರ ಮನಸ್ಸು ಹಗರಾತು, ಸುಳ್ಳು ಹೇಳಂಗಿಲ್ಲ. ಆಮ್ಯಾಲ ನೋಡತೀನಿ, ಕಿಟಕಿ ಪರದೆ ಅಂಚು ಬಿಚ್ಚಿತ್ತು. ಅದನ್ನ ಇಳಿಸಿ ಹೊಲದೆ. ಮನ್ಯಾಗಿನ ಪರದೆ ಎಲ್ಲಾ ಹೊಲದು ಮುಗಿಸಿದೆ. ಮುಂದ ಏನು ಮಾಡಬೇಕು ತಿಳೀಲಿಲ್ಲ. ಲಾರಿ ಹತ್ತಿದೆ."

"ಈಗ ನಿಮಗೇನು ಬೇಕಾಗ್ಯದ?"

"ಏನೂ ಬ್ಯಾಡ್ರಿ. ಯಾವ ಕೆಲಸ ಕೊಟ್ಟರೂ ಮಾಡ್ತೀನಿ."

ಇದು ಚಾವಡಿಗೆ ಪೇಚಿಗಿಟ್ಟುಕೊಂಡಿತು. ನಮ್ಮೂರಲ್ಲಿ ಹೊರಗಿನವರಿಗೆ ಕೆಲಸ ಕೊಡುವುದು ಅವರಿಗೆ ಏನೋ ಬೇಕಾಗಿದೆ ಅಂತ. ಏನೂ ಬೇಡದವನನ್ನು ಎಷ್ಟು ದಿನ ಇಟ್ಟುಕೊಳ್ಳುವುದು, ಯಾವಾಗ ಕಳಿಸುವುದು, ಯಾರಿಗೂ ಗೊತ್ತಿಲ್ಲ. ಒಬ್ಬರು ಹಾಗೆ ಅಂದರು, ಇನ್ನೊಬ್ಬರು ಹೀಗೆ ಅಂದರು. ಜಡ್ಜ್ ಸಾಹೇಬರು ಇದಕ್ಕೆ ಹಿಂದಿನ ಯಾವ ತೀರ್ಪೂ ಇಲ್ಲ ಅಂದರು. ಮುರಿಗೆಪ್ಪನವರು ಅಡಿಕೆ ಅಗಿಯುವುದನ್ನೇ ಬಿಟ್ಟು ತಲೆ ಕೆರೆದುಕೊಂಡು, "ಏನೂ ಬ್ಯಾಡ ಅನ್ನಾವರನ್ನ ಇಟಗೊಳ್ಳಲಿಕ್ಕೆ ಬರಂಗಿಲ್ಲಪಾ," ಅಂದರು.

ರಾಯರು ಟ್ರಂಕಿನ ಹಿಡಿಕೆಗೆ ಕೈ ಹಾಕಿದರು.

ಚಾವಡಿಯಲ್ಲಿ ನಾನು ಯಾವತ್ತೂ ಮಾತಾಡಿದವಳಲ್ಲ. ಹೆಂಗಸರ ಸಾಲಿನಲ್ಲಿ ನಿಂತಿದ್ದೆ, ಸೂಜಿ ಚುಚ್ಚದಂತೆ ಹಾಕಿಕೊಳ್ಳುವ ಅಂಗುಸ್ತಾನ ಇನ್ನೂ ಬೆರಳಿನಲ್ಲೇ ಇತ್ತು. "ಅವರಿಗೆ ಬ್ಯಾಡಾದ್ರ ಬ್ಯಾಡ," ಅಂದೆ. "ನನಗ ಬೇಕಾಗ್ಯದ."

ಎಲ್ಲರೂ ಈ ಕಡೆ ತಿರುಗಿದರು.

"ನಿನಗೇನು ಬೇಕವ್ವಾ?" ಅಂದರು ಮುರಿಗೆಪ್ಪನವರು.

"ಇವರು."

ಶಂಕ್ರವ್ವ ಬಾಯಿಗೆ ಸೆರಗು ಹಿಡಿದಳು, ನಗುವುದಕ್ಕೋ ಅಳುವುದಕ್ಕೋ. ನನ್ನ ಕಿವಿ ಬಿಸಿಯಾಗಿತ್ತು, ಆದರೆ ಅಂದ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕು ಅಂತ ಒಂದಿಷ್ಟೂ ಅನ್ನಿಸಲಿಲ್ಲ.

ಮುರಿಗೆಪ್ಪನವರು ರಾಯರ ಕಡೆ ನೋಡಿದರು. "ನೀವೇನಂತೀರಿ?"

ರಾಯರು ನಿಂತುಕೊಂಡರು. ಟ್ರಂಕಿನ ಹಿಡಿಕೆ ಬಿಟ್ಟರು. "ನಾ ಸುಳ್ಳು ಹೇಳಿದೆ," ಅಂದರು. "ಬೇಕಾಗ್ಯದ ಅನ್ನಲಿಕ್ಕೆ ಧೈರ್ಯ ಸಾಲಲಿಲ್ಲ."

"ಹಂಗಂದ್ರ ಬ್ಯಾರೆ ಮಾತು," ಅಂದರು ಮುರಿಗೆಪ್ಪನವರು, ಇನ್ನೊಂದು ಅಡಿಕೆ ಹೋಳು ಹುಡುಕುತ್ತ. "ಬೇಕಾದವರು ಕೆಲಸ ಮಾಡಿಕೊಂಡು ಕಾಯಬೇಕು. ನಿಮಗ ಗೊತ್ತೇ ಅದ."

"ಕಾದದ್ದು ಆಗ್ಯದರಿ," ಅಂದೆ ನಾನು.

ಮುರಿಗೆಪ್ಪನವರು ಸಿಕ್ಕ ಹೋಳನ್ನು ಬಾಯಿಗೆ ಹಾಕಿಕೊಂಡು, "ಆಗ್ಯದ," ಅಂದರು. ಚಾವಡಿ ಮುಗಿಯಿತು. ಜನ ಒಬ್ಬೊಬ್ಬರಾಗಿ ಎದ್ದು, ನಮ್ಮ ಕಡೆ ನೋಡಿಯೂ ನೋಡದವರಂತೆ ಮನೆಗಳಿಗೆ ಹೋದರು. ಐದು ಮಂದಿ ಮುತ್ತೈದೆಯರ ಮುಂದೆ ಹೊಸ ಸೀರೆ ಉಡಿಸಿ ಒಳ್ಳೆಯ ದಿನ ನೋಡಿ ಮದುವೆ ಮುಗಿಸೋಣ ಅಂತ ಶಂಕ್ರವ್ವ ಅಲ್ಲೇ ಮಾತು ಶುರು ಮಾಡಿದ್ದಳು.

ನಾವಿಬ್ಬರೂ ಪೇಟೆ ಬೀದಿಯಲ್ಲಿ ನಡೆದೆವು. ಟ್ರಂಕಿನ ಒಂದು ಹಿಡಿಕೆ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಎಳೆಬಿಸಿಲು ಇತ್ತು, ಯಾರದೋ ಮನೆಯಲ್ಲಿ ಶೇಂಗಾ ಹುರಿಯುತ್ತಿದ್ದರು. ಗಿರಣಿ ದಾಟಿದ ಮೇಲೆ ಅವರು ಕೇಳಿದರು, "ಇವತ್ತ ಅಡಗಿ ಏನು ಮಾಡೀರಿ?"

"ಇನ್ನೂ ಒಲಿ ಹಚ್ಚಿಲ್ಲ," ಅಂದೆ. "ಬರ್ರಿ, ಹಚ್ಚೋಣು."